ಕೊರೆಯುವ ಚಳಿಯಲ್ಲೂ ಶಾಖ ಕಂಡ ವಿಜ್ಞಾನಿ ಲಾರ್ಡ್ ಕೆಲ್ವಿನ್



ನಮ್ಮ ನಾಗನೂರ, ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದಲ್ಲಿ ಚಳಿ ಎಂದರೆ ಡಿಸೆಂಬರ್, ಜನವರಿ ತಿಂಗಳ ಮುಂಜಾವಿನ ಚಳಿ. ಫಜ್ರ್ ನಮಾಜಿಗೆ ಎದ್ದು ವುಝೂ ಮಾಡುವಾಗ ಟಾಕಿಯ ನೀರು ಕೈ ಕಚ್ಚುತ್ತದೆ. ಹೊತ್ತು ಏರಿದಂತೆ ಬಿಸಿಲು ಬೀಳುತ್ತದೆ, ಚಳಿ ಮರೆತುಹೋಗುತ್ತದೆ. ಮನೆಯನ್ನೇ ಬೆಚ್ಚಗೆ ಮಾಡಬೇಕು ಎಂಬ ಯೋಚನೆ ನಮಗೆ ಬಂದದ್ದಿಲ್ಲ. ಕೌದಿ ಹೊದ್ದು ಮಲಗಿದರೆ ಸಾಕು.

ಆದರೆ ಲಡಾಖಿನ ದ್ರಾಸ್ ಊರಿನಲ್ಲಿ ಚಳಿಗಾಲದ ರಾತ್ರಿ ತಾಪಮಾನ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುತ್ತದೆ. ಸಿಯಾಚಿನ್ ನೀರ್ಗಲ್ಲಿನ ಮೇಲೆ ಇನ್ನೂ ಕೆಳಗೆ. ನಮ್ಮ ಜಿಲ್ಲೆಯಿಂದ ಸೈನ್ಯಕ್ಕೆ ಹೋದವರಿಗೆ ಆ ಚಳಿ ಗೊತ್ತು. ಅಲ್ಲಿ ಸೀಮೆಎಣ್ಣೆಯ ಬುಖಾರಿ ಒಲೆ ಹಚ್ಚಿ ಕೋಣೆ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಗಾಳಿ ಆಡದ ಕೋಣೆಯಲ್ಲಿ ಅದರ ಹೊಗೆ ಜೀವಕ್ಕೇ ಅಪಾಯ. ನಾರ್ವೆ, ಸ್ವೀಡನ್, ಫಿನ್‌ಲೆಂಡ್, ಕೆನಡಾಗಳಲ್ಲಿ ಮನೆ ಬಿಸಿ ಮಾಡುವುದು ಅನ್ನ ನೀರಿನಷ್ಟೇ ಅಗತ್ಯ. ಇಂಥ ದೇಶಗಳಲ್ಲಿ ಇಂದು ಲಕ್ಷಾಂತರ ಮನೆಗಳು ಬೆಂಕಿಯಿಲ್ಲದೆ ಬೆಚ್ಚಗಿವೆ. ಹೊರಗೆ ಹಿಮ ಬೀಳುತ್ತಿರುವಾಗ, ಆ ಹಿಮದ ಗಾಳಿಯಿಂದಲೇ ಶಾಖ ತೆಗೆದು ಒಳಗೆ ತರುವ ಯಂತ್ರ ಅಲ್ಲಿದೆ. ಅದರ ಹೆಸರು ಹೀಟ್ ಪಂಪ್, ಅಂದರೆ ಶಾಖದ ಪಂಪ್.

ಈ ಯಂತ್ರದಿಂದ ಮನೆ ಬಿಸಿ ಮಾಡಬಹುದು ಎಂದು 1852ರಲ್ಲಿಯೇ ಲೆಕ್ಕ ಹಾಕಿ ತೋರಿಸಿದವರು ವಿಲಿಯಂ ಥಾಮ್ಸನ್. ಲಾರ್ಡ್ ಕೆಲ್ವಿನ್ ಎಂದರೆ ನಿಮಗೆ ಬೇಗ ಗುರುತು ಸಿಗುತ್ತದೆ. ಭೌತಶಾಸ್ತ್ರದ ಪಾಠದಲ್ಲಿ ತಾಪಮಾನದ ಮುಂದೆ ಬರೆಯುವ ಕೆಲ್ವಿನ್ ಎಂಬ ಮಾನ ಇವರ ಹೆಸರೇ. ಇವರ ಬದುಕಿನಿಂದ ನಮ್ಮ ಮಕ್ಕಳೂ ಪಾಲಕರೂ ಕಲಿಯುವುದು ಬಹಳ ಇದೆ.

ರೈತನ ಮಗ, ಪ್ರಾಧ್ಯಾಪಕ ತಂದೆ

ವಿಲಿಯಂ ಹುಟ್ಟಿದ್ದು 1824ರ ಜೂನ್ 26ರಂದು, ಐರ್ಲೆಂಡಿನ ಬೆಲ್‌ಫಾಸ್ಟ್ ಪಟ್ಟಣದಲ್ಲಿ. ಅವರ ಕಥೆ ಹೇಳುವ ಮೊದಲು ಅವರ ತಂದೆಯ ಕಥೆ ಹೇಳಲೇಬೇಕು. ತಂದೆ ಜೇಮ್ಸ್ ಥಾಮ್ಸನ್ ಹಳ್ಳಿಯ ಒಬ್ಬ ರೈತನ ಮಗ. ಹೊಲದ ಕೆಲಸದ ನಡುವೆ ಪುಸ್ತಕ ಹಿಡಿದು ತಾವೇ ಗಣಿತ ಕಲಿತರು. ಸಣ್ಣ ವಯಸ್ಸಿನಲ್ಲೇ ಬಿಸಿಲು ಗಡಿಯಾರ ಮಾಡುವ ರೀತಿಯನ್ನು ಸ್ವಂತವಾಗಿ ಕಂಡುಕೊಂಡರು. ಆಮೇಲೆ ಚಳಿಗಾಲದ ಆರು ತಿಂಗಳು ಸಮುದ್ರ ದಾಟಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದುವುದು, ಬೇಸಿಗೆಯಲ್ಲಿ ಊರಿಗೆ ಬಂದು ಶಾಲೆಯಲ್ಲಿ ಪಾಠ ಹೇಳಿ ಖರ್ಚಿಗೆ ದುಡಿಯುವುದು. ಹೀಗೆ ಪದವಿ ಪಡೆದು ಬೆಲ್‌ಫಾಸ್ಟಿನಲ್ಲಿ ಗಣಿತದ ಅಧ್ಯಾಪಕರಾದರು. ಅವರು ಬರೆದ ಅಂಕಗಣಿತದ ಪಠ್ಯಪುಸ್ತಕ ಹತ್ತಾರು ಮುದ್ರಣ ಕಂಡಿತು.

1830ರಲ್ಲಿ ತಾಯಿ ಮಾರ್ಗರೆಟ್ ತೀರಿಕೊಂಡರು. ವಿಲಿಯಂಗೆ ಆಗ ಆರು ವರ್ಷವೂ ತುಂಬಿರಲಿಲ್ಲ. ಹೆಂಡತಿ ಹೋದ ಮನೆಯಲ್ಲಿ ತಂದೆಯೇ ತಾಯಿಯೂ ಆದರು, ಗುರುವೂ ಆದರು. ದಿನವೂ ಮಕ್ಕಳನ್ನು ಕೂರಿಸಿಕೊಂಡು ತಾವೇ ಪಾಠ ಹೇಳಿದರು. ಗಂಡು ಹೆಣ್ಣು ಎಂಬ ಭೇದವಿಲ್ಲದೆ ಎಲ್ಲರಿಗೂ ಹೇಳಿದರು. ಈ ಮನೆಯ ಬಾಳು ಹೇಗಿತ್ತು ಎಂಬುದು ಇಂದು ನಮಗೆ ತಿಳಿದಿದ್ದರೆ ಅದಕ್ಕೆ ವಿಲಿಯಂ ಅವರ ಅಕ್ಕ ಎಲಿಜಬೆತ್ ಬರೆದಿಟ್ಟ ನೆನಪಿನ ಪುಸ್ತಕವೇ ಮುಖ್ಯ ಕಾರಣ. ಮಗಳಿಗೆ ಕಲಿಸಿದ ಅಕ್ಷರ ಮನೆತನದ ಚರಿತ್ರೆಯನ್ನೇ ಉಳಿಸಿತು.

1832ರಲ್ಲಿ ತಂದೆಗೆ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕ ಹುದ್ದೆ ದೊರೆಯಿತು. ಸಂಸಾರ ಸ್ಕಾಟ್ಲೆಂಡಿಗೆ ಬಂತು. 1834ರಲ್ಲಿ, ಹತ್ತು ವರ್ಷದ ವಿಲಿಯಂ ಮತ್ತು ಅವರಿಗಿಂತ ಎರಡು ವರ್ಷ ದೊಡ್ಡವರಾದ ಅಣ್ಣ ಜೇಮ್ಸ್ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿದರು. ಆ ಕಾಲದಲ್ಲಿ ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳು ಚುರುಕು ಹುಡುಗರನ್ನು ಸಣ್ಣ ವಯಸ್ಸಿನಲ್ಲಿ ಸೇರಿಸಿಕೊಳ್ಳುತ್ತಿದ್ದವು. ಆದರೂ ಹತ್ತು ವರ್ಷ ಎಂದರೆ ನಮ್ಮ ನಾಲ್ಕನೆಯ ಅಥವಾ ಐದನೆಯ ಇಯತ್ತೆಯ ಹುಡುಗ ಎಂಬುದನ್ನು ನೆನಪಿಡಿ.

ಹದಿನೈದು ದಿನದಲ್ಲಿ ಓದಿದ ಪುಸ್ತಕ

1840ರ ಮೇ ತಿಂಗಳು. ಹದಿನೈದರ ಹುಡುಗ ವಿಲಿಯಂ ಗ್ರಂಥಾಲಯದಿಂದ ಒಂದು ಫ್ರೆಂಚ್ ಪುಸ್ತಕ ತಂದರು. ಶಾಖವು ಒಂದು ವಸ್ತುವಿನಲ್ಲಿ ಹೇಗೆ ಹರಿಯುತ್ತದೆ ಎಂಬುದನ್ನು ಗಣಿತದಲ್ಲಿ ಹೇಳಿದ ಫೂರಿಯೆ ಅವರ ಗ್ರಂಥ ಅದು. ಈ ಫೂರಿಯೆ 1798ರಲ್ಲಿ ನೆಪೋಲಿಯನ್ ದಂಡಿನ ಜೊತೆ ಈಜಿಪ್ಟಿಗೆ ಹೋಗಿ ಕೈರೋದಲ್ಲಿ ಕೆಲವು ವರ್ಷ ಇದ್ದವರು. ಅಲ್ಲಿಯ ಸೆಕೆ ರೂಢಿಯಾಗಿ, ಫ್ರಾನ್ಸಿಗೆ ಮರಳಿದ ಮೇಲೂ ತಮ್ಮ ಕೋಣೆಯನ್ನು ಬೇರೆಯವರಿಗೆ ತಡೆಯಲಾಗದಷ್ಟು ಬಿಸಿಯಾಗಿ ಇಟ್ಟುಕೊಳ್ಳುತ್ತಿದ್ದರು ಎಂದು ಹೇಳುತ್ತಾರೆ.

ವಿಲಿಯಂ ಹದಿನೈದು ದಿನದಲ್ಲಿ ಆ ಕಠಿಣ ಗ್ರಂಥವನ್ನು ಓದಿ ಮುಗಿಸಿದರು. ಎಡಿನ್‌ಬರೋದ ಒಬ್ಬ ಪ್ರಾಧ್ಯಾಪಕರು ಫೂರಿಯೆ ಅವರ ಗಣಿತದಲ್ಲಿ ತಪ್ಪಿದೆ ಎಂದು ಬರೆದಿದ್ದರು. ತಪ್ಪು ಫೂರಿಯೆ ಅವರದಲ್ಲ, ಟೀಕೆ ಮಾಡಿದವರದು ಎಂದು ವಿಲಿಯಂ ಲೇಖನ ಬರೆದರು. 1841ರಲ್ಲಿ ಅದು ಗಣಿತದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಹುಡುಗನ ಹೆಸರು ಹಾಕದೆ ಮೂರು ಅಕ್ಷರಗಳ ಗುಪ್ತನಾಮ ಹಾಕಿದ್ದರು. ಜೀವನವಿಡೀ ಅವರನ್ನು ಹಿಡಿದಿಟ್ಟ ಶಾಖದ ವಿಷಯ ಹೀಗೆ ಗ್ರಂಥಾಲಯದ ಒಂದು ಪುಸ್ತಕದಿಂದ ಆರಂಭವಾಯಿತು.

ಮುಂದೆ ಕೇಂಬ್ರಿಜ್‌ನಲ್ಲಿ ಓದಿ 1845ರಲ್ಲಿ ಎರಡನೆಯ ಸ್ಥಾನದಲ್ಲಿ ಪದವಿ ಪಡೆದರು. ಅಲ್ಲಿಂದ ಪ್ಯಾರಿಸ್ಸಿಗೆ ಹೋಗಿ ರೆನ್ಯೋ ಎಂಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಹಬೆಯ ಗುಣಗಳನ್ನು ಅಳೆಯುವ ಕೆಲಸ ಕಲಿತರು. ಕಾರ್ನೋ ಎಂಬ ಫ್ರೆಂಚ್ ಎಂಜಿನಿಯರ್ 1824ರಲ್ಲಿ ಬರೆದ, ಶಾಖದಿಂದ ಕೆಲಸ ಪಡೆಯುವ ಬಗೆಗಿನ ಸಣ್ಣ ಪುಸ್ತಕಕ್ಕಾಗಿ ಪ್ಯಾರಿಸ್ಸಿನ ಅಂಗಡಿ ಅಂಗಡಿ ಅಲೆದರು. ಸಿಗಲಿಲ್ಲ. ಆ ಪುಸ್ತಕವೇ ಅಲ್ಲಿಯ ಅಂಗಡಿಕಾರರಿಗೆ ಅಪರಿಚಿತವಾಗಿತ್ತು.

1846ರಲ್ಲಿ, 22ನೆಯ ವಯಸ್ಸಿನಲ್ಲಿ, ವಿಲಿಯಂ ಗ್ಲಾಸ್ಗೋದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. 1899ರ ವರೆಗೆ 53 ವರ್ಷ ಅದೇ ಪೀಠದಲ್ಲಿ ಇದ್ದರು. ಒಂದು ಹಳೆಯ ನೆಲಮಾಳಿಗೆಯನ್ನು ಸ್ವಚ್ಛ ಮಾಡಿಸಿ ವಿದ್ಯಾರ್ಥಿಗಳಿಗೆ ಪ್ರಯೋಗಾಲಯ ತೆರೆದರು. ವಿದ್ಯಾರ್ಥಿಗಳು ಕೈಯಾರೆ ಭೌತಶಾಸ್ತ್ರದ ಪ್ರಯೋಗ ಮಾಡುವ ವ್ಯವಸ್ಥೆ ಬ್ರಿಟನ್ನಿನಲ್ಲಿ ಅದೇ ಮೊದಲು. ಮಗನ ಈ ಏಳಿಗೆಯನ್ನು ತಂದೆ ಬಹಳ ದಿನ ನೋಡಲಿಲ್ಲ. 1849ರ ಜನವರಿಯಲ್ಲಿ ಗ್ಲಾಸ್ಗೋಗೆ ಬಂದ ಕಾಲರಾ ಬೇನೆಗೆ ಅವರು ತುತ್ತಾದರು.

ಸೊನ್ನೆಗಿಂತ ಕೆಳಗೂ ಶಾಖ ಇದೆ

ನಾವು ನೀರು ಹೆಪ್ಪುಗಟ್ಟುವ ಬಿಂದುವನ್ನು ಸೊನ್ನೆ ಡಿಗ್ರಿ ಎನ್ನುತ್ತೇವೆ. ಆದರೆ ಅದು ಶಾಖದ ಸೊನ್ನೆ ಅಲ್ಲ, ನೀರಿನ ಲೆಕ್ಕದ ಸೊನ್ನೆ. ನೀರು, ಪಾದರಸ ಎಂದು ಯಾವುದೇ ಒಂದು ವಸ್ತುವನ್ನು ಅವಲಂಬಿಸದ ತಾಪಮಾನದ ಅಳತೆ ಬೇಕು ಎಂದು 1848ರಲ್ಲಿ ಥಾಮ್ಸನ್ ಮಂಡಿಸಿದರು. ಆ ಅಳತೆಯ ನಿಜವಾದ ಸೊನ್ನೆ ಇರುವುದು ಮೈನಸ್ 273.15 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಂಪು ಎಂಬುದು ಇಲ್ಲ.

ಈಗ ನೀವೇ ಲೆಕ್ಕ ಮಾಡಿ ನೋಡಿ. ನಮ್ಮ ಬೇಸಿಗೆಯ 37 ಡಿಗ್ರಿ ಎಂದರೆ 310 ಕೆಲ್ವಿನ್. ದ್ರಾಸ್‌ನ ಮೈನಸ್ 20 ಡಿಗ್ರಿ ಎಂದರೆ 253 ಕೆಲ್ವಿನ್. ನಮಗೆ ಪ್ರಾಣ ಹೋಗುವಷ್ಟು ಚಳಿ ಎನಿಸುವ ಆ ಗಾಳಿಯೂ ನಿಜವಾದ ಸೊನ್ನೆಯಿಂದ 253 ಮೆಟ್ಟಿಲು ಮೇಲಿದೆ. ಅದರಲ್ಲಿ ಬೇಕಾದಷ್ಟು ಶಾಖ ಇದೆ. ಆದರೆ ಅದು ತಾನಾಗಿ ನಮ್ಮ ಕೋಣೆಗೆ ಬರುವುದಿಲ್ಲ. ಶಾಖ ಯಾವಾಗಲೂ ಬಿಸಿಯಿಂದ ತಂಪಿನ ಕಡೆಗೆ ಹರಿಯುತ್ತದೆ, ನೀರು ಮೇಲಿನಿಂದ ಕೆಳಗೆ ಹರಿದಂತೆ.

ಘಟಪ್ರಭೆಯ ದಂಡೆಯ ರೈತರಿಗೆ ಇದಕ್ಕೆ ಉತ್ತರ ಗೊತ್ತಿದೆ. ನೀರು ತಾನಾಗಿ ಹೊಳೆಯಿಂದ ಎತ್ತರದ ಕಬ್ಬಿನ ಹೊಲಕ್ಕೆ ಏರುವುದಿಲ್ಲ. ಪಂಪ್‌ಸೆಟ್ ಇಟ್ಟರೆ ಏರುತ್ತದೆ. ಕರೆಂಟು ನೀರನ್ನು ಹುಟ್ಟಿಸುವುದಿಲ್ಲ, ಇದ್ದ ನೀರನ್ನು ಎತ್ತುತ್ತದೆ. ಹಾಗೆಯೇ ಶಾಖವನ್ನೂ ಎತ್ತಬಹುದು ಎಂಬುದು ಥಾಮ್ಸನ್ ಅವರ ವಿಚಾರ.

1852ರ ಲೆಕ್ಕ

1852ರ ಕೊನೆಯಲ್ಲಿ ಅವರು ಗ್ಲಾಸ್ಗೋದ ವಿದ್ವತ್ ಸಂಘದ ಮುಂದೆ ಒಂದು ಚಿಕ್ಕ ಪ್ರಬಂಧ ಇಟ್ಟರು. ಗಾಳಿಯ ಹರಿವಿನಿಂದ ಕಟ್ಟಡಗಳನ್ನು ಬಿಸಿ ಅಥವಾ ತಂಪು ಮಾಡುವಾಗ ಇಂಧನ ಹೇಗೆ ಉಳಿಸಬಹುದು ಎಂಬುದು ಅದರ ವಿಷಯ. ಅವರ ಯಂತ್ರಕ್ಕೆ ಎರಡು ಸಿಲಿಂಡರ್. ಮೊದಲನೆಯದು ಹೊರಗಿನ ಗಾಳಿ ಎಳೆದು ಹಿಗ್ಗಿಸುತ್ತದೆ. ಹಿಗ್ಗಿದ ಗಾಳಿ ಹೊರಗಿನ ಹವೆಗಿಂತಲೂ ತಂಪಾಗುತ್ತದೆ. ತಂಪಾದುದರಿಂದ, ಹೊರಗಿನ ಹವೆಯ ಶಾಖ ತಾನಾಗಿ ಅದರೊಳಗೆ ಹರಿಯುತ್ತದೆ. ಆಮೇಲೆ ಎರಡನೆಯ ಸಿಲಿಂಡರ್ ಆ ಗಾಳಿಯನ್ನು ಒತ್ತುತ್ತದೆ. ಒತ್ತಿದಾಗ ಗಾಳಿ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರಬಹುದು. ಆ ಬಿಸಿ ಗಾಳಿ ಮನೆಯೊಳಗೆ ಹೋಗುತ್ತದೆ. ಅದೇ ಯಂತ್ರವನ್ನು ಬೇರೆ ರೀತಿ ನಡೆಸಿದರೆ ಮನೆ ತಂಪಾಗುತ್ತದೆ.

ಅಂದಿನ ಹಬೆಯ ಯಂತ್ರ ಕಲ್ಲಿದ್ದಲಿನ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲನ್ನೂ ಕೆಲಸವಾಗಿ ಕೊಡುವುದು ಕಷ್ಟವಿತ್ತು. ಅಂಥ ಯಂತ್ರ ಹಚ್ಚಿ ಈ ಪಂಪ್ ನಡೆಸಿದರೂ, ಅದೇ ಕಲ್ಲಿದ್ದಲನ್ನು ನೇರವಾಗಿ ಒಲೆಯಲ್ಲಿ ಸುಟ್ಟದ್ದಕ್ಕಿಂತ ಹೆಚ್ಚು ಶಾಖ ಮನೆಗೆ ದೊರೆಯಬಹುದು ಎಂದು ಅವರ ಲೆಕ್ಕ ತೋರಿಸಿತು. ಒಲೆ ಉರಿಸುವುದು ಶಾಖವನ್ನು ಹಾಳು ಮಾಡುವ ದಾರಿ ಎಂದು ಗಣಿತದಿಂದ ಸಿದ್ಧವಾಯಿತು.

ಅದು ಹೇಗೆ ಎಂದರೆ, ವಿದ್ಯುತ್ ಹೀಟರಿಗೆ ಒಂದು ಯೂನಿಟ್ ಕರೆಂಟು ಕೊಟ್ಟರೆ ಒಂದು ಯೂನಿಟ್ ಶಾಖ ಬರುತ್ತದೆ. ಶಾಖದ ಪಂಪಿಗೆ ಒಂದು ಯೂನಿಟ್ ಕೊಟ್ಟರೆ ಎಷ್ಟು ಬರಬಹುದು? ಒಳಗಿನ ತಾಪಮಾನವನ್ನು ಕೆಲ್ವಿನ್‌ನಲ್ಲಿ ಬರೆದು, ಒಳಗೆ ಹೊರಗಿನ ಅಂತರದಿಂದ ಭಾಗಿಸಬೇಕು. ಒಳಗೆ 20 ಡಿಗ್ರಿ, ಹೊರಗೆ ಸೊನ್ನೆ ಡಿಗ್ರಿ ಇದ್ದರೆ 293ನ್ನು 20ರಿಂದ ಭಾಗಿಸಿ. ಸುಮಾರು ಹದಿನಾಲ್ಕೂವರೆ ಬರುತ್ತದೆ. ಹೊರಗೆ ಮೈನಸ್ 20 ಇದ್ದರೆ ಅಂತರ 40, ಉತ್ತರ ಏಳರ ಹತ್ತಿರ. ಇದು ಕಾಗದದ ಮೇಲಿನ ಪರಿಪೂರ್ಣ ಯಂತ್ರದ ಲೆಕ್ಕ. ನಿಜವಾದ ಯಂತ್ರಗಳು ಇದರ ಅರ್ಧವನ್ನೂ ಮುಟ್ಟುವುದು ಕಷ್ಟ. ಸಾಧಾರಣ ಚಳಿಯಲ್ಲಿ ಮೂರು ನಾಲ್ಕು ಪಟ್ಟು, ಅತಿ ಚಳಿಯಲ್ಲಿ ಎರಡು ಪಟ್ಟಿನ ಆಸುಪಾಸು ಕೊಡುತ್ತವೆ.

ಚಳಿ ಹೆಚ್ಚಿದಷ್ಟು ಲಾಭ ಯಾಕೆ ಕಡಿಮೆ? ಬಾವಿ ಆಳವಾದಷ್ಟು ಅದೇ ಕರೆಂಟಿಗೆ ಕಡಿಮೆ ನೀರು ಬರುತ್ತದೆ. ಇದೂ ಹಾಗೆಯೇ. ಕಷ್ಟ ಏನೆಂದರೆ, ಮನೆಗೆ ಅತಿ ಹೆಚ್ಚು ಶಾಖ ಬೇಕಾದ ರಾತ್ರಿಯೇ ಪಂಪು ಅತಿ ಆಳದಿಂದ ಎತ್ತಬೇಕು. ಚಳಿ ದೇಶದ ಎಂಜಿನಿಯರುಗಳನ್ನು ಬಹಳ ವರ್ಷ ಕಾಡಿದ ಸಮಸ್ಯೆ ಇದು.

ಎಂಬತ್ತು ವರ್ಷ ಕಾದ ವಿಚಾರ

ಥಾಮ್ಸನ್ ಹೇಳಿದ ಯಂತ್ರವನ್ನು ಆಗ ಯಾರೂ ಮನೆಗಳಿಗೆ ಹಾಕಲಿಲ್ಲ. ಬ್ರಿಟನ್ನಿನಲ್ಲಿ ಕಲ್ಲಿದ್ದಲು ಅಗ್ಗ. ಮನೆ ಮನೆಗೆ ಕರೆಂಟು ಇನ್ನೂ ಬಂದಿರಲಿಲ್ಲ, ಸಣ್ಣ ಮೋಟಾರು ಇರಲಿಲ್ಲ. ಆಸ್ಟ್ರಿಯಾದಲ್ಲಿ ರಿಟಿಂಗರ್ ಎಂಬವರು 1850ರ ದಶಕದಲ್ಲಿಯೇ ಉಪ್ಪುನೀರು ಕಾಯಿಸಿ ಉಪ್ಪು ತೆಗೆಯಲು ಇದೇ ತತ್ವದ ಯಂತ್ರ ಕಟ್ಟಿದರು. ಮನೆ ಬಿಸಿ ಮಾಡುವ ಕೆಲಸಕ್ಕೆ ಮಾತ್ರ ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಸ್ಕಾಟ್ಲೆಂಡಿನಲ್ಲಿ ಹಾಲ್ಡೇನ್ ಎಂಬ ಎಂಜಿನಿಯರ್ ತಮ್ಮ ಮನೆಯಲ್ಲಿ ಪ್ರಯೋಗ ಮಾಡಿ 1930ರಲ್ಲಿ ವರದಿ ಕೊಟ್ಟರು. 1938ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಟ್ಟಣದ ಸಭಾಭವನವನ್ನು ಲಿಮ್ಮಾಟ್ ಹೊಳೆಯ ನೀರಿನ ಶಾಖದಿಂದ ಬೆಚ್ಚಗೆ ಮಾಡಲಾಯಿತು.

ಈಗಿನ ಯಂತ್ರದಲ್ಲಿ ಗಾಳಿಯ ಬದಲು ಬೇಗ ಆವಿಯಾಗುವ ದ್ರವ ಇರುತ್ತದೆ. ಮದುವೆ ಮನೆಯಲ್ಲಿ ದೊಡ್ಡ ಒಲೆಗೆ ಹಚ್ಚಿದ ಗ್ಯಾಸ್ ಸಿಲಿಂಡರಿನ ಮೈ ತಣ್ಣಗಾಗಿ ನೀರು ಹನಿಯುವುದನ್ನು ನೋಡಿದ್ದೀರಲ್ಲ? ಒಳಗಿನ ದ್ರವ ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ. ಹೀಟ್ ಪಂಪಿನ ಹೊರಗಿನ ಪೆಟ್ಟಿಗೆಯಲ್ಲಿ ನಡೆಯುವುದು ಅದೇ. ಮೈನಸ್ 20 ಡಿಗ್ರಿಯ ಹವೆಯಲ್ಲೂ ಆವಿಯಾಗುವ ದ್ರವ ಹಾಕಿದರೆ ಅದು ಆ ಹವೆಯಿಂದಲೂ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ. ಒಳಗೆ ಅದು ಮತ್ತೆ ದ್ರವವಾಗುತ್ತ ಶಾಖ ಬಿಡುತ್ತದೆ. ನಿಮ್ಮ ಮನೆಯ ಫ್ರಿಜ್ಜಿನ ಹಿಂಭಾಗ ಮುಟ್ಟಿದರೆ ಬಿಸಿ ಇರುವುದೂ ಇದೇ ಕಾರಣಕ್ಕೆ. ಫ್ರಿಜ್ಜು ತರಕಾರಿಯ ಶಾಖ ತೆಗೆದು ಅಡುಗೆಮನೆಗೆ ಕೊಡುತ್ತದೆ. ಹೀಟ್ ಪಂಪು ಬೀದಿಯ ಶಾಖ ತೆಗೆದು ಮನೆಗೆ ಕೊಡುತ್ತದೆ.

ಹೊರಗಿನ ಕೊಳವೆಗಳ ಮೇಲೆ ಮಂಜು ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಆಗಾಗ ಸ್ವಲ್ಪ ಹೊತ್ತು ಉಲ್ಟಾ ನಡೆಯುತ್ತದೆ. ವೇಗ ಹೆಚ್ಚು ಕಡಿಮೆ ಮಾಡಿಕೊಳ್ಳುವ ಕಂಪ್ರೆಸರ್ ಬಂದ ಮೇಲೆ ಮೈನಸ್ 25 ಡಿಗ್ರಿಯಲ್ಲೂ ಕೆಲಸ ಮಾಡುವ ಯಂತ್ರಗಳು ದೊರೆಯುತ್ತಿವೆ. ಗೋಡೆ, ಕಿಟಕಿ, ಮಾಳಿಗೆಗಳಿಂದ ಶಾಖ ಸೋರದಂತೆ ಕಟ್ಟಿದ ಮನೆಗೆ ಮಾತ್ರ ಇದರ ಪೂರ್ತಿ ಲಾಭ. ತೂತು ಬಿದ್ದ ಕೊಡಕ್ಕೆ ಎಷ್ಟು ನೀರು ಸುರಿದರೂ ಅಷ್ಟೇ. ನಮ್ಮ ದೇಶದಲ್ಲೂ ಹೋಟೆಲ್, ಆಸ್ಪತ್ರೆ, ಹಾಸ್ಟೆಲ್‌ಗಳಲ್ಲಿ ನೀರು ಕಾಯಿಸಲು ಇಂಥ ಪಂಪ್ ಬಳಸುತ್ತಾರೆ. ನಮ್ಮ ಹವೆ ಬೆಚ್ಚಗಿರುವುದರಿಂದ ಇಲ್ಲಿ ಎತ್ತುವ ಆಳ ಕಡಿಮೆ, ಲಾಭ ಹೆಚ್ಚು. ಮಸೀದಿಯ ವುಝೂ ನೀರಿಗೂ, ವಸತಿ ನಿಲಯದ ಸ್ನಾನದ ನೀರಿಗೂ ಇದು ಯೋಚಿಸತಕ್ಕ ದಾರಿ.

ಸಮುದ್ರದ ತಂತಿ, ಜಲಪಾತದ ಕರೆಂಟು

ಥಾಮ್ಸನ್ ಅವರಿಗೆ ಹಣ, ಹೆಸರು ತಂದದ್ದು ಅಟ್ಲಾಂಟಿಕ್ ಸಮುದ್ರದ ತಂತಿ. 1858ರಲ್ಲಿ ಹಾಕಿದ ಮೊದಲ ತಂತಿ ಕೆಲವೇ ವಾರಗಳಲ್ಲಿ ಸತ್ತುಹೋಯಿತು. ಅತಿ ಕ್ಷೀಣ ಸಂಕೇತವನ್ನೂ ಕನ್ನಡಿಯ ಬೆಳಕಿನಿಂದ ತೋರಿಸುವ ಉಪಕರಣ ಅವರು ಮಾಡಿದ್ದರು. ಮತ್ತೆ ಮತ್ತೆ ಹಡಗಿನಲ್ಲಿ ಹೋಗಿ, 1866ರಲ್ಲಿ ಯಶಸ್ಸು ಕಂಡರು. ಅದೇ ವರ್ಷ ಸರ್ ಪದವಿ ಬಂತು. 1870ರಲ್ಲಿ ಬ್ರಿಟನ್ನಿನಿಂದ ಮುಂಬಯಿಗೂ ಸಮುದ್ರದ ತಂತಿ ಬಂತು. ಅದೇ ವರ್ಷ ಹೆಂಡತಿ ಮಾರ್ಗರೆಟ್, ಬಹುಕಾಲದ ಅನಾರೋಗ್ಯದ ನಂತರ, ತೀರಿಕೊಂಡರು. ಆಗ ಅವರು ಕೊಂಡ ಹಾಯಿ ಹಡಗಿನ ಹೆಸರು ಲಾಲಾ ರೂಖ್. ಔರಂಗಜೇಬನ ಮಗಳೆಂದು ಒಬ್ಬ ಐರಿಷ್ ಕವಿ ಕಲ್ಪಿಸಿದ ರಾಜಕುಮಾರಿಯ ಹೆಸರು ಅದು. 1874ರಲ್ಲಿ ಅವರು ಎರಡನೆಯ ಮದುವೆಯಾದರು. ಮಕ್ಕಳಿರಲಿಲ್ಲ.

1860ರ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಆಡುತ್ತಿದ್ದಾಗ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಕೊನೆಯವರೆಗೂ ಕುಂಟುತ್ತಲೇ ನಡೆದರು, ಆದರೆ ಕೆಲಸ ನಿಲ್ಲಿಸಲಿಲ್ಲ.

ನಮ್ಮ ಗೋಕಾಕ ಜಲಪಾತ ನೋಡಿದವರಿಗೆ ಇನ್ನೊಂದು ವಿಷಯ ಹಿಡಿಸುತ್ತದೆ. ಘಟಪ್ರಭೆ ಸುಮಾರು 52 ಮೀಟರ್ ಧುಮುಕುವ ಅಲ್ಲಿ 1887ರಲ್ಲಿಯೇ ನೀರಿನಿಂದ ವಿದ್ಯುತ್ ತೆಗೆದದ್ದು ನಮ್ಮ ನಾಡಿನ ಹೆಮ್ಮೆ. ಅಮೆರಿಕದ ನಯಾಗರ ಜಲಪಾತದಿಂದ ದೊಡ್ಡ ಪ್ರಮಾಣದಲ್ಲಿ ವಿದ್ಯುತ್ ತೆಗೆದು ದೂರಕ್ಕೆ ಕಳಿಸಬಹುದು ಎಂದು ಥಾಮ್ಸನ್ 1879ರಲ್ಲಿ ಬ್ರಿಟನ್ನಿನ ಸಂಸತ್ ಸಮಿತಿಯ ಮುಂದೆ ಹೇಳಿದ್ದರು. 1890ರಲ್ಲಿ ನಯಾಗರ ಯೋಜನೆಯ ಅಂತರರಾಷ್ಟ್ರೀಯ ಆಯೋಗಕ್ಕೆ ಅವರೇ ಅಧ್ಯಕ್ಷರಾದರು. ನೀರಿನಿಂದ ಬರುವ ಕರೆಂಟು, ಆ ಕರೆಂಟಿನಿಂದ ಎತ್ತುವ ಶಾಖ, ಎರಡೂ ಕೂಡಿದರೆ ಹೊಗೆ ಇಲ್ಲದ ಮನೆ. ನಾರ್ವೆ ಇಂದು ನಡೆದಿರುವುದು ಇದೇ ದಾರಿಯಲ್ಲಿ.

1892ರಲ್ಲಿ ಬ್ರಿಟಿಷ್ ಸರಕಾರ ಅವರಿಗೆ ಲಾರ್ಡ್ ಪದವಿ ಕೊಟ್ಟಿತು. ವಿಜ್ಞಾನಕ್ಕಾಗಿ ಈ ಗೌರವ ಪಡೆದವರಲ್ಲಿ ಅವರೇ ಮೊದಲಿಗರು. ವಿಶ್ವವಿದ್ಯಾಲಯದ ಪಕ್ಕ ಹರಿಯುವ ಕೆಲ್ವಿನ್ ಎಂಬ ಸಣ್ಣ ಹೊಳೆಯ ಹೆಸರನ್ನು ಅವರು ಆರಿಸಿಕೊಂಡರು. ಇಂದು ಜಗತ್ತಿನ ಎಲ್ಲ ಪ್ರಯೋಗಾಲಯಗಳಲ್ಲಿ ಆ ಹೊಳೆಯ ಹೆಸರಿದೆ.

ದೊಡ್ಡವರೂ ತಪ್ಪುತ್ತಾರೆ

ಕೆಲ್ವಿನ್ ಎಲ್ಲವನ್ನೂ ಸರಿಯಾಗಿ ಹೇಳಿದರು ಎಂದು ತಿಳಿಯಬೇಡಿ. ಭೂಮಿ ಕಾಯಿಸಿದ ಉಂಡೆಯಂತೆ ಆರುತ್ತಾ ಬಂದಿದೆ ಎಂದು ಲೆಕ್ಕ ಹಾಕಿ, 1897ರ ಹೊತ್ತಿಗೆ ಅದರ ವಯಸ್ಸು ಎರಡರಿಂದ ನಾಲ್ಕು ಕೋಟಿ ವರ್ಷ ಎಂದರು. ಇಂದು ತಿಳಿದಿರುವುದು ಸುಮಾರು 450 ಕೋಟಿ ವರ್ಷ. ಅವರ ಗಣಿತ ಸರಿಯಿತ್ತು, ಗಣಿತಕ್ಕೆ ಹಾಕಿದ ನಂಬಿಕೆ ತಪ್ಪಿತ್ತು. ಭೂಮಿಯ ಒಳಭಾಗ ನಿಧಾನವಾಗಿ ಚಲಿಸುತ್ತ ಶಾಖ ಸಾಗಿಸುತ್ತದೆ ಎಂಬ ಸಾಧ್ಯತೆಯನ್ನು 1895ರಲ್ಲಿ ಅವರ ಹಳೆಯ ಸಹಾಯಕ ಪೆರಿ ಎತ್ತಿ ತೋರಿಸಿದರು. ಕೆಲ್ವಿನ್ ಒಪ್ಪಲಿಲ್ಲ. ಗಾಳಿಗಿಂತ ಭಾರವಾದ ವಿಮಾನದ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. ಗುರುವನ್ನು ಗೌರವಿಸುತ್ತಲೇ ಪ್ರಶ್ನೆ ಕೇಳುವ ಶಿಷ್ಯರು ಯಾಕೆ ಬೇಕು ಎಂಬುದಕ್ಕೆ ಪೆರಿ ಒಳ್ಳೆಯ ಉದಾಹರಣೆ.

ಆದರೂ ಅವರ ಕಲಿಯುವ ಹಂಬಲ ನೋಡಿ. 1899ರಲ್ಲಿ, 75ನೆಯ ವಯಸ್ಸಿನಲ್ಲಿ ನಿವೃತ್ತರಾದ ಮೇಲೆ ಅದೇ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿ ಎಂದು ಹೆಸರು ಬರೆಸಿದರು. 1904ರಲ್ಲಿ ಅಲ್ಲಿಯ ಕುಲಾಧಿಪತಿಯಾದರು. ಅವರು ದೇವರಲ್ಲಿ ಗಾಢ ನಂಬಿಕೆ ಇದ್ದ ಕ್ರೈಸ್ತರು. ಸೃಷ್ಟಿಯ ನಿಯಮ ಹುಡುಕುವುದಕ್ಕೂ ಸೃಷ್ಟಿಕರ್ತನನ್ನು ನಂಬುವುದಕ್ಕೂ ಅವರಿಗೆ ಜಗಳ ಕಾಣಲಿಲ್ಲ. 1907ರ ಡಿಸೆಂಬರ್ 17ರಂದು ತೀರಿಕೊಂಡರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನ್ಯೂಟನ್ ಅವರ ಸಮಾಧಿಯ ಹತ್ತಿರ ಅವರನ್ನು ಮಣ್ಣು ಮಾಡಿದರು.

ನಮಗೆ ಇದರಲ್ಲಿ ಏನಿದೆ

ಇಲ್ಮ್ ಯಾವ ಒಂದು ಜನಾಂಗದ ಸ್ವತ್ತೂ ಅಲ್ಲ. 1206ರಲ್ಲಿ ಯಂತ್ರಗಳ ಗ್ರಂಥ ಮುಗಿಸಿದ ಅಲ್ ಜಝರಿ ಎರಡು ಸಿಲಿಂಡರಿನ, ನೀರು ಹೀರಿ ಎತ್ತುವ ಪಂಪಿನ ವಿವರ ಕೊಟ್ಟಿದ್ದಾರೆ. ಬಗ್ದಾದಿನ ಅಲ್ ಖ್ವಾರಿಝ್ಮಿ ಕಟ್ಟಿಕೊಟ್ಟ ಬೀಜಗಣಿತ ಯುರೋಪಿನ ಶಾಲೆಗಳಿಗೆ ಹೋಯಿತು. ಅಲ್ಲಿ ಬೆಳೆದ ಗಣಿತದಿಂದ ಕೆಲ್ವಿನ್ ಶಾಖ ಅಳೆದರು. ದೀಪದಿಂದ ದೀಪ ಹತ್ತುತ್ತಾ ಬಂದಿದೆ. ನಮ್ಮ ಹಿರಿಯರು ಹಚ್ಚಿದ್ದರು ಎಂದು ಹೇಳಿಕೊಂಡು ಕುಳಿತರೆ ನಮ್ಮ ಮನೆಯಲ್ಲಿ ಬೆಳಕಾಗುವುದಿಲ್ಲ.

ಪಾಲಕರೇ, ಹೊಲದಲ್ಲಿ ದುಡಿದು ಓದಿದ ಒಬ್ಬ ತಂದೆ, ತಾಯಿಯಿಲ್ಲದ ಮಕ್ಕಳಿಗೆ ದಿನವೂ ಒಂದಿಷ್ಟು ಹೊತ್ತು ಕೊಟ್ಟದ್ದರಿಂದ ಈ ವಿಜ್ಞಾನಿ ಜಗತ್ತಿಗೆ ದೊರೆತರು. ಹಣಕ್ಕಿಂತ ಮೊದಲು ಅವರು ಕೊಟ್ಟದ್ದು ಸಮಯ. ಏಳನೆಯ ಇಯತ್ತೆ ಮುಗಿದ ಹುಡುಗನನ್ನು ಗ್ಯಾರೇಜಿಗೆ, ಹತ್ತು ಮುಗಿದ ಹುಡುಗಿಯನ್ನು ಮನೆಯ ಮೂಲೆಗೆ ಕಳಿಸುವ ಮುನ್ನ ಇದನ್ನು ನೆನೆಯಿರಿ. ಗ್ಯಾರೇಜಿನಲ್ಲಿ, ಫ್ರಿಜ್ ರಿಪೇರಿ ಅಂಗಡಿಯಲ್ಲಿ ದುಡಿಯುವ ನಮ್ಮ ಹುಡುಗರ ಕೈಯಲ್ಲಿ ಕಸುಬು ಇದೆ. ಆ ಕಸುಬಿನ ಹಿಂದಿನ ವಿಜ್ಞಾನವನ್ನೂ ಅವರಿಗೆ ಕೊಟ್ಟರೆ, ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಬಾಗಿಲು ತೆರೆದರೆ, ಅವರು ರಿಪೇರಿ ಮಾಡುವ ಯಂತ್ರವನ್ನೇ ನಾಳೆ ಹೊಸದಾಗಿ ಕಟ್ಟಬಲ್ಲರು.

ವಿದ್ಯಾರ್ಥಿಗಳೇ, ಗ್ರಂಥಾಲಯದ ಕಪಾಟಿನಲ್ಲಿ ಯಾರೂ ಮುಟ್ಟದ ಒಂದು ಪುಸ್ತಕ ಈ ರಜೆಯಲ್ಲಿ ತೆಗೆದುಕೊಳ್ಳಿ. ತಿಳಿಯದಿದ್ದರೆ ಎರಡನೆಯ ಸಲ ಓದಿ, ಗುರುಗಳನ್ನು ಕೇಳಿ. ಫಲ ತಡವಾದರೆ ಬೇಸರ ಬೇಡ. ಒಂದು ಪ್ರಬಂಧ ಮನೆ ಮನೆ ತಲುಪಲು ಎಂಬತ್ತು ವರ್ಷಕ್ಕೂ ಮಿಗಿಲಾಗಿ ಕಾಯಿತು, ಆದರೆ ವ್ಯರ್ಥವಾಗಲಿಲ್ಲ. ಅಲ್ಲಾಹನು ನಮ್ಮ ಮಕ್ಕಳಿಗೆ ಕಲಿಯುವ ತಾಳ್ಮೆಯನ್ನೂ, ಕಲಿತದ್ದನ್ನು ಜನರ ಒಳಿತಿಗೆ ಬಳಸುವ ಮನಸ್ಸನ್ನೂ ಕರುಣಿಸಲಿ.